ಗದ್ದದಿಂದ ಹೊರಟ ಕೈ

ಮತ್ತೆ ಅದೇ ಕೊಳಲು, ಅದೇ ನಾಲ್ಕು ಸ್ವರ, ಮೇಲಕ್ಕೆ ಹತ್ತಿ ಹತ್ತಿ ಇನ್ನೇನು ಹಾಡಾಗಬೇಕು ಅನ್ನುವಾಗ ಕಾಲು ಜಾರಿ ಮೊದಲಿಗೇ ಬಂದು ಬೀಳುತ್ತದೆ, ಆಮೇಲೆ ಆ ಹೆಂಗಸಿನ ದನಿ, ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ — ಅಮೂಲ್ಯ ಅಂತೆ, ಅಮೂಲ್ಯವಾದದ್ದನ್ನು ಯಾರಾದರೂ ಇಷ್ಟು ಹೊತ್ತು ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತಾರೆಯೇ, ಎಂದುಕೊಂಡು ಅವಳು ಫೋನನ್ನು ಈ ಕಿವಿಯಿಂದ ಆ ಕಿವಿಗೆ ದಾಟಿಸಿದಳು. ಕಪಾಟಿನ ಮೇಲೆ ರೂಟರ್ ಕೂತಿದೆ, ಎರಡು ಕೊಂಬು ಎತ್ತಿಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬ ಹಾಗೆ, ಅದರ ಹೊಟ್ಟೆಯ ಮೇಲಿನ ಕೆಂಪು ದೀಪ ಮಿಟುಕುತ್ತದೆ, ಮಿಟುಕುತ್ತದೆ, ಹಸಿರಾಗುವುದಿಲ್ಲ. ಸಂಜೆಯ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ಕುರ್ಚಿಯ ಹಿಂದಿನ ನೀಲಿ ಪರದೆಯ ಮೇಲೆ ಹಾಕಿದೆ, ಆ ಪರದೆ ಅವಳೇ ಹೊಲಿದದ್ದು, ಹಿಂದೆ ಗಡಿಯಾರವೋ ಚಿತ್ರವೋ ಇದ್ದರೆ ಕೈ ಎದ್ದು ಕಾಣುವುದಿಲ್ಲ, ಅವಳ ಕೆಲಸದಲ್ಲಿ ಕೈಯೇ ಬಾಯಿ, ಕಿವಿ ಕೇಳದವರಿಗೆ ವೈದ್ಯರ ಮಾತನ್ನು, ಬ್ಯಾಂಕಿನವರ ಮಾತನ್ನು ಸನ್ನೆ ಭಾಷೆಯಲ್ಲಿ ದಾಟಿಸುವ ದುಭಾಷಿ ಅವಳು, ಮನೆಯಲ್ಲೇ ಕೂತು, ಕಂಪ್ಯೂಟರಿನ ಮುಂದೆ, ಆ ಪೆಟ್ಟಿಗೆಯ ದೀಪವನ್ನು ನಂಬಿಕೊಂಡು. ಕೆಲಸಕ್ಕೆ ಕೂರುವ ಮುಂಚೆ ಉಂಗುರವನ್ನು ಕೂಡ ತೆಗೆದಿಡುತ್ತಾಳೆ, ಹೊಳೆದರೆ ನೋಡುವವರ ಕಣ್ಣು ಅಲ್ಲಿಗೆ ಹೋದೀತೆಂದು, ಅಷ್ಟು ನಿಯತ್ತು, ಅಷ್ಟು ನಿಯತ್ತಿನವಳು ಮಧ್ಯಾಹ್ನ ಮಾಡಿದ್ದೇನು — ಬೇಡ, ಅದು ಈಗ ಬೇಡ, ಮೊದಲು ನೆಟ್ ಬರಲಿ, ನೆಟ್ ಬಂದರೆ ಎಲ್ಲ ಸರಿಹೋಗುತ್ತದೆ, ತಪ್ಪೆಲ್ಲ ನೆಟ್ಟಿನದೇ ತಾನೆ.

ಊಟವಾದ ಮೇಲೆ ಬಂದ ಕರೆ, ಒಂದು ಕ್ಲಿನಿಕ್ಕಿನಿಂದ, ತೆರೆಯ ಅಂಚಿನಲ್ಲಿ ವೈದ್ಯೆಯ ಮುಖ, ನಡುವೆ ಆ ತಾಯಿ, ಇನ್ನೂ ಚಿಕ್ಕ ಪ್ರಾಯ, ಹುಟ್ಟಿನಿಂದಲೇ ಕಿವಿ ಕೇಳದವಳು, ಶಾಲಿನ ಮರೆಯಲ್ಲಿ ಹಾಲು ಕುಡಿಯುತ್ತಿದ್ದ ಕೂಸು, ಒಂದು ಕೈ ಕೂಸಿಗೆ ಹೋಗಿಬಿಟ್ಟಿದ್ದರಿಂದ ಉಳಿದ ಒಂದೇ ಕೈಯಲ್ಲಿ ಮಾತಾಡುತ್ತಿದ್ದಳು, ಒಂದು ಕೈಯ ಮಾತೆಂದರೆ ಅರ್ಧರ್ಧ ಪದಗಳ ಮಾತು, ಆದರೂ ಎಷ್ಟು ಚೆಂದ, ಸೊಂಟದಲ್ಲಿ ನೋವು, ಸಂಜೆಯಾದರೆ ಜ್ವರ, ನಿದ್ದೆಯೇ ಇಲ್ಲ — ನಿದ್ದೆ ಅಂದಾಗ ಕೂಸಿನ ಕಡೆ ಕಣ್ಣು ಹೊರಳಿಸಿ ಅದರಲ್ಲಿ ಇವನದೂ ಪಾಲಿದೆ ಎಂದು ನಕ್ಕಿದ್ದಳು. ಮೊದಲ ಸಲ ಚಿತ್ರ ನಿಂತಾಗ ಅವಳು ಸರಿಯಾಗಿಯೇ ಹೇಳಿದಳು, ಕ್ಷಮಿಸಿ ಡಾಕ್ಟರೇ, ನೆಟ್ ಹೋಯ್ತು, ಇನ್ನೊಂದ್ಸಲ ಹೇಳ್ತೀರಾ. ಎರಡನೆಯ ಸಲವೂ ಹೇಳಿದಳು. ಮೂರನೆಯ ಸಲ ವೈದ್ಯೆ ಪೆನ್ನನ್ನು ಮೇಜಿನ ಮೇಲಿಟ್ಟು ಉಸಿರುಬಿಟ್ಟರು, ನೋಡಮ್ಮಾ, ಹೊರಗೆ ಜನ ಕಾಯ್ತಿದ್ದಾರೆ, ನಿಮ್ಮನೇಲಿ ನೆಟ್ ಸರಿಯಿಲ್ಲ ಅಂದ್ರೆ ಈ ಕೆಲಸ ಯಾಕೆ ಒಪ್ಕೋತೀರಿ — ಯಾಕೆ ಒಪ್ಕೋತೀರಿ, ಅವಳ ಕಿವಿಯ ತುದಿ ಬಿಸಿಯಾಯಿತು, ಹೊಸಬರು ಬಂದರೆ ಇವರ ಕೈ ನೋಡಿ ಕಲಿತುಕೊಳ್ಳಿ ಎಂದು ಆಫೀಸಿನವರು ತೋರಿಸುವ ಕೈ ಇದು, ಈ ಕೈಗೆ ಒಂದು ಪೆಟ್ಟಿಗೆಯ ದೆಸೆಯಿಂದ ಇಂಥ ಮಾತು. ಆಮೇಲೆ ಮಾತ್ರೆಯ ವಿಷಯ ಬಂತು, ರಾತ್ರಿ ಊಟ ಆದ್ಮೇಲೆ ಒಂದು, ಇವತ್ತಿಂದಲೇ ಶುರು ಮಾಡ್ಲಿ, ಅದನ್ನು ದಾಟಿಸಿದಳು, ಆಗ ವೈದ್ಯೆ ಆದರೆ ಅಂದರು. ಆದರೆ. ಬಾಯಿ ತೆರೆದಲ್ಲೇ ನಿಂತಿತು, ತಾಯಿಯ ಕಣ್ಣು ನಿಂತಿತು, ಶಾಲಿನಿಂದ ಹೊರಬಂದ ಪುಟ್ಟ ಕಾಲು ಗಾಳಿಯಲ್ಲಿ ನಿಂತಿತು. ಚಿತ್ರ ಮತ್ತೆ ಹೊರಟಾಗ ವೈದ್ಯೆ ಆಗಲೇ ಔಷಧಿಯ ಚೀಟಿ ಹರಿದು ಕೊಡುತ್ತಿದ್ದರು, ಅಷ್ಟೇ, ಅವರಿಗೆ ಹೇಳಿದ್ರಲ್ಲ? — ತಾಯಿ ಅವಳನ್ನೇ ನೋಡುತ್ತಿದ್ದಳು, ಮೈಯೆಲ್ಲ ಕಣ್ಣಾಗಿ. ಇನ್ನೊಂದ್ಸಲ ಹೇಳಿ ಅನ್ನುವ ಮಾತು ನಾಲಿಗೆಯ ತುದಿಯ ತನಕ ಬಂದು ಅಲ್ಲೇ ಕೂತುಬಿಟ್ಟಿತು. ಕೈಗಳು ಮಾತ್ರ ತಾವಾಗಿಯೇ ಎದ್ದವು, ಎಷ್ಟು ಸರಾಗವಾಗಿ, ನೀರು ಚೆನ್ನಾಗಿ ಕುಡಿ, ಹೆದರಬೇಡ, ಬೇಗ ವಾಸಿಯಾಗುತ್ತೆ — ಡಾಕ್ಟರುಗಳು ಕೊನೆಗೆ ಹೇಳುವುದು ಅದನ್ನೇ ತಾನೆ, ಯಾವ ಡಾಕ್ಟರು ಹೇಳುವುದಿಲ್ಲ. ತಾಯಿ ತಲೆಯಾಡಿಸಿದಳು, ಮುಖ ಅರಳಿತು, ಬೆರಳ ತುದಿಗಳನ್ನು ಗದ್ದಕ್ಕೆ ಮುಟ್ಟಿಸಿ ಕೈಯನ್ನು ಮುಂದಕ್ಕೆ ತಂದಳು, ಥ್ಯಾಂಕ್ಸ್ ಅನ್ನುವ ಸನ್ನೆ, ಅಲ್ಲಿ, ಗದ್ದವನ್ನು ಬಿಟ್ಟು ಇನ್ನೂ ಅರ್ಧ ದಾರಿಯಲ್ಲಿದ್ದಾಗ, ಚಿತ್ರ ಮತ್ತೆ ನಿಂತಿತು, ಈ ಸಲ ಹೊರಡಲೇ ಇಲ್ಲ. ಕಂಪ್ಯೂಟರ್ ಮುಚ್ಚಿದರೂ ಆ ಕೈ ಹೋಗಲಿಲ್ಲ.

ಹಲೋ ಮೇಡಂ, ಕೇಳಿಸ್ತಿದೆಯಾ, ಕೊಳಲು ಯಾವಾಗಲೋ ನಿಂತಿದೆ, ಕಸ್ಟಮರ್ ಕೇರಿನವನು ಬಂದಿದ್ದಾನೆ, ಕೇಳಿಸ್ತಿದೆ, ಕೇಳಿಸ್ತಿದೆ, ಎಂದು ಗಡಬಡಿಸಿದಳು. ತೊಂದರೆ ಏನು ಅಂತ ತಿಳಿಸ್ತೀರಾ ಮೇಡಂ. ಬೆಳಿಗ್ಗೆ ಒಬ್ಬಳಿಗೆ, ಮಧ್ಯಾಹ್ನ ಇನ್ನೊಬ್ಬನಿಗೆ ಒಪ್ಪಿಸಿದ್ದ ಪಾಠವನ್ನೇ ಮತ್ತೆ ಒಪ್ಪಿಸಿದಳು. ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿದ್ರಾ — ಮಾಡಿದೆ — ಇನ್ನೊಂದ್ಸಲ ಮಾಡಿ ಮೇಡಂ, ನಾನು ಲೈನಲ್ಲೇ ಇರ್ತೀನಿ. ಆಫ್ ಮಾಡಿದಳು, ದೀಪಗಳೆಲ್ಲ ಆರಿದವು, ಆನ್ ಮಾಡಿದಳು, ಒಂದೊಂದಾಗಿ ಕಣ್ಣುಬಿಟ್ಟವು, ಕೊನೆಯದು ಕೆಂಪು. ನಮ್ಮ ಕಡೆಯಿಂದ ಎಲ್ಲಾ ಸರಿಯಿದೆ ಮೇಡಂ. ನಿಮ್ಮ ಕಡೆ ಸರಿಯಿದ್ರೆ ನನ್ನ ಕಡೆ ಯಾಕಪ್ಪಾ ಕೆಂಪು. ಒಂದು ನಿಮಿಷ, ಚೆಕ್ ಮಾಡ್ತೀನಿ — ಕೊಳಲು. ಎದುರು ಮನೆಯ ಅಡುಗೆಮನೆಯಲ್ಲಿ ದೀಪ ಹತ್ತಿತು, ಯಾರೋ ಮೇಲಿನ ಹಲಗೆಯಿಂದ ಪಾತ್ರೆ ಇಳಿಸಿದರು, ರಾತ್ರಿಯ ಅಡುಗೆ, ರಾತ್ರಿ ಊಟ ಆದ್ಮೇಲೆ ಒಂದು, ಆ ತಾಯಿ ಎಷ್ಟು ಹೊತ್ತಿಗೆ ಉಣ್ಣುತ್ತಾಳೋ, ಎಳೆಕೂಸಿರುವವರು ಬೇಗ ಉಣ್ಣುತ್ತಾರೆ, ಕೂಸು ಮಲಗಿದ ಸಂದಿನಲ್ಲಿ ನಾಲ್ಕು ತುತ್ತು, ಮೇಲೆ ಮಾತ್ರೆ, ಅಷ್ಟರಲ್ಲಿ ಕೂಸು ಏಳುತ್ತದೆ, ಹಾಲಿಗೆ. ಏನಿದ್ದೀತು ಆ ಆದರೆಯ ಹಿಂದೆ, ಏನೂ ಇಲ್ಲದಿರಬಹುದು, ಆದರೆ ಹುಳಿ ತಿನ್ನಬೇಡಿ, ಆದರೆ ಬಿಸಿಲಿಗೆ ಹೋಗಬೇಡಿ, ಆದರೆ ಭಾರ ಎತ್ತಬೇಡಿ, ಇಷ್ಟೇ ಇದ್ದೀತು, ಇಷ್ಟೇ ಇರಲಿ — ಇಷ್ಟೇ ಆಗಿದ್ದರೆ ವೈದ್ಯೆ ಆದರೆ ಅನ್ನುವಾಗ ಕೂಸಿನ ಕಡೆ ಯಾಕೆ ನೋಡಿದರು. ನೋಡಿದ್ದರು. ಚಿತ್ರ ನಿಂತದ್ದೇ ಆ ನೋಟದ ಮೇಲೆ, ಅವಳು ಅದನ್ನು ಕಂಡಿದ್ದಳು, ಕಂಡೂ ಕೈ ಎತ್ತಿದ್ದಳು. ಲೈನಲ್ಲಿ ಇದ್ದದ್ದಕ್ಕೆ ಧನ್ಯವಾದ ಮೇಡಂ, ನಿಮ್ಮ ಕಂಪ್ಲೇಂಟ್ ಕ್ಲೋಸ್ ಆಗಿದೆ ಅಂತ ತೋರಿಸ್ತಿದೆ. ಕ್ಲೋಸಾ? ಹೌದು ಮೇಡಂ, ಸಮಸ್ಯೆ ಬಗೆಹರಿದಿದೆ, ಗ್ರಾಹಕರಿಗೆ ತೃಪ್ತಿಯಾಗಿದೆ ಅಂತ ಇದೆ. ಪಿತ್ತ ನೆತ್ತಿಗೇರಿತು. ಯಾರಿಗ್ರೀ ತೃಪ್ತಿ, ನನ್ನನ್ನ ಕೇಳಿದ್ರಾ, ಒಂದು ಮಾತು ಕೇಳಿದ್ರಾ, ಏನೂ ಕೇಳಿಸಿಕೊಳ್ಳದೆ ಬಾಯಿಗೆ ಬಂದದ್ದು ಹೇಳಿ ಕೈ ತೊಳ್ಕೊಂಡುಬಿಟ್ರಾ, ನಿಮ್ಮನ್ನ ನಂಬಿ ಕೂತವರ ಗತಿಯೇನು, ನಾಚಿಕೆ ಆಗಲ್ವಾ ನಿಮಗೆ — ಅವನು ಗಿಳಿಪಾಠ ಬಿಟ್ಟು ಮೆಲ್ಲಗೆ ಹೇಳಿದ, ಏನ್ಮಾಡೋದು ಮೇಡಂ, ಕಂಪ್ಲೇಂಟನ್ನ ಜಾಸ್ತಿ ಹೊತ್ತು ಓಪನ್ ಇಟ್ರೆ ಮೇಲಿನವರು ಬೈತಾರೆ, ಅದಕ್ಕೇ ಆಯ್ತು ಅಂತ ಹಾಕ್ಬಿಡ್ತಾರೆ. ಬೈತಾರೆ, ಅದಕ್ಕೇ. ಇವನಿಗೆ ಮೇಲಿನವರ ಬೈಗುಳ, ಅವಳಿಗೆ ವೈದ್ಯೆ ಬಿಟ್ಟ ಒಂದು ಉಸಿರು, ಅಷ್ಟೇ, ಅಷ್ಟಕ್ಕೇ, ಮತ್ತು ಇವನನ್ನು ನಾಚಿಕೆಯಿಲ್ಲವೇ ಎಂದು ಕೇಳುವ ನಾಲಿಗೆ ಅವಳದು. ಇನ್ನೇನಾದ್ರೂ ಸಹಾಯ ಬೇಕಾ ಮೇಡಂ, ಅಂದ. ಇಲ್ಲ, ಅಂದಳು, ಇಲ್ಲಪ್ಪಾ, ತಪ್ಪು ತಿಳ್ಕೋಬೇಡಿ, ಎಂದು ಫೋನಿಟ್ಟಳು.

ಫೋನು ಕೈಯಲ್ಲಿ ಬಿಸಿಯಾಗಿದೆ, ಇದೇ ಫೋನಿನಿಂದ ಆಫೀಸಿಗೆ ಮಾಡಬಹುದಿತ್ತು, ಮಧ್ಯಾಹ್ನವೇ, ಅದಕ್ಕೆ ನೆಟ್ ಬೇಕಿರಲಿಲ್ಲ, ಒಂದು ಮಾತು ಸಾಕಿತ್ತು, ಆ ಒಂದು ಮಾತು ಹೇಳಲಾರದೆ ಇಡೀ ಮಧ್ಯಾಹ್ನ ಬ್ರಾಡ್‌ಬ್ಯಾಂಡಿನವರ ಜೊತೆ ಜಗಳಕ್ಕೆ ನಿಂತಿದ್ದಳು, ಎಂಥ ಶೂರಳು. ಅಣ್ಣನ ಮುಖ ಯಾಕೆ ಬರುತ್ತದೆ ಈಗ. ಬಾರದೆ ಇರುತ್ತದೆಯೇ. ಊಟದ ಮೇಜು, ಅಪ್ಪ ಏನೋ ಹೇಳುತ್ತಾನೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ಕಿವಿ ಕೇಳದ ಅಣ್ಣ ಒಬ್ಬೊಬ್ಬರ ಬಾಯನ್ನೂ ನೋಡಿ ತಾನೂ ಸ್ವಲ್ಪ ನಕ್ಕು, ಅವಳ ತೋಳು ಜಗ್ಗುತ್ತಾನೆ, ಏನಂತೆ, ಏನಂತೆ, ಅಮ್ಮ ಕೈಯಾಡಿಸುತ್ತಾಳೆ, ಏನಿಲ್ಲ, ಆಮೇಲೆ ಹೇಳ್ತೀನಿ, ಆ ಆಮೇಲೆ ಯಾವತ್ತೂ ಬರುತ್ತಿರಲಿಲ್ಲ, ಅಣ್ಣ ತಟ್ಟೆಯ ಕಡೆ ಮುಖ ತಗ್ಗಿಸುತ್ತಿದ್ದ. ಅವನಿಗೋಸ್ಕರವೇ ಈ ಭಾಷೆ ಕಲಿತದ್ದು. ಅವನೇ ಮೊದಲ ಗುರು, ಬೆರಳು ತಪ್ಪಿದರೆ ಬೆರಳ ಮೇಲೆ ಹೊಡೆಯುತ್ತಿದ್ದ ಕಪಿ, ಈ ಕೆಲಸ ಸಿಕ್ಕಿದ ದಿನ ಅವಳ ಎರಡು ಕೈಯನ್ನೂ ಹಿಡಿದುಕೊಂಡು ಎಷ್ಟೋ ಹೊತ್ತು ಬಿಟ್ಟಿರಲಿಲ್ಲ, ಬಿಟ್ಟ ಮೇಲೆ ಹೇಳಿದ್ದ, ಒಂದು ನೆನಪಿಟ್ಟುಕೋ, ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನು, ಬೈದರೆ ಬೈಯಲಿ, ನೀನೇ ಕಟ್ಟಿ ಹೇಳಬೇಡ, ನಮಗೆ ಗೊತ್ತಾಗುವುದಿಲ್ಲ. ನಮಗೆ ಗೊತ್ತಾಗುವುದಿಲ್ಲ. ಆ ತಾಯಿಗೂ ಗೊತ್ತಾಗಲಿಲ್ಲ, ಗೊತ್ತಾಗದೆ ಕೈಯನ್ನು ಗದ್ದಕ್ಕೆ ಮುಟ್ಟಿಸಿದಳು. ನೆಲ ಬಿರಿದು ನುಂಗಬಾರದೇ ಅನ್ನಿಸಿತು, ಆದರೆ ನೆಲ ಗಟ್ಟಿಯಾಗಿಯೇ ಇತ್ತು, ಅವಳು ಆಫೀಸಿನ ನಂಬರು ಒತ್ತಿದಳು.

ಎತ್ತಿದ್ದು ಅಕ್ಕ, ಯಾರ ಕರೆ ಯಾರಿಗೆ ಎಂದು ಹಂಚುವವಳು, ಆಫೀಸಿಗೆಲ್ಲ ಅವಳು ಅಕ್ಕನೇ, ಏನೇ, ಮತ್ತೆ ನೆಟ್ ಕೈಕೊಡ್ತಾ, ಗೊತ್ತಾಯ್ತು ಬಿಡು, ಕರೆ ಮಧ್ಯದಲ್ಲೇ ಕಟ್ ಆಯ್ತಂತಲ್ಲ, ನಿಂದೇನು ತಪ್ಪಿದೆ ಅದರಲ್ಲಿ — ಬಾಗಿಲು ಹೀಗೆ ಹಾರು ಹೊಡೆದು ತೆರೆದಿತ್ತು, ಹೌದಕ್ಕಾ ಅಂದರೆ ಮುಗಿಯಿತು, ಒಂದು ಗಳಿಗೆ ಅವಳು ಆ ಹೊಸ್ತಿಲಲ್ಲಿ ನಿಂತೂ ನಿಂತಳು, ನಿಂತದ್ದು ಅವಳಿಗೆ ಗೊತ್ತು. ಇಲ್ಲಕ್ಕಾ, ನೆಟ್ ಹೋಗಿದ್ದು ನಿಜ, ಬಂದ್ಮೇಲೆ ನಾನು ಹೇಳಿದ್ದು ಡಾಕ್ಟರ ಮಾತಲ್ಲ, ಅವರು ಆದರೆ ಅಂದಿದ್ದು ಮಾತ್ರ ಕೇಳಿಸ್ತು, ಮಿಕ್ಕಿದ್ದು ನಾನೇ ಕಟ್ಟಿ ಹೇಳ್ದೆ. ನೀನಾ? ಅಂದಳು ಅಕ್ಕ. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಡು ಫೋನು, ಡಾಕ್ಟರಿಗೆ ಮಾಡ್ತೀನಿ. ಅವಳು ಕುರ್ಚಿಯಲ್ಲಿ ಕೂತಳು, ಎದ್ದಳು, ಎದುರು ಮನೆಯಲ್ಲಿ ತಟ್ಟೆಗಳ ಸದ್ದು, ಮತ್ತೆ ಕೂತಳು, ಫೋನು ಬಡಿದುಕೊಂಡಿತು, ಆ ಮಾತ್ರೆ ಮುಗಿಯೋ ತನಕ ಎದೆಹಾಲು ಕೊಡಬಾರದಂತೆ ಕಣೇ, ಕೂಸಿಗೆ ಆಗಲ್ವಂತೆ, ಹೊರಗಿನ ಹಾಲೇ ಕೊಡಬೇಕಂತೆ, ಅದನ್ನೇ ಅವರು ಹೇಳಿದ್ದು, ಬರೆದು ಕಳಿಸೋಣ ಅಂದ್ರೆ ಆ ಹುಡುಗಿಗೆ ಓದು ಅಷ್ಟಕ್ಕಷ್ಟೇ, ಅರ್ಧ ತಿಳಿದು ಅರ್ಧ ಬಿಟ್ರೆ ಕಷ್ಟ, ನೀನೇ ಕೈಯಲ್ಲಿ ಹೇಳ್ಬೇಕು, ವಿಡಿಯೋದಲ್ಲಿ, ನಂಬರ್ ಕಳಿಸಿದೀನಿ, ಈಗ್ಲೇ. ಹೇಗಕ್ಕಾ, ನೆಟ್ — ಅನ್ನುತ್ತ ತಿರುಗಿ ನೋಡಿದಳು, ಹಸಿರು. ಯಾವಾಗ ಹಸಿರಾಯಿತೋ, ಎಲ್ಲ ದೀಪಗಳೂ ಸಾಲಾಗಿ ಹಸಿರು, ಒಂದೂ ಮಿಟುಕುತ್ತಿಲ್ಲ, ಇಡೀ ದಿನ ಬಾ ಎಂದು ಬೇಡಿಕೊಂಡರೆ ಬಾರದ್ದು ಈಗ ಎದುರಿಗೇ ಬಂದು ನಿಂತಿದೆ.

ನೀಲಿ ಪರದೆಯ ಮುಂದೆ ಕೂತಳು, ಉಂಗುರ ತೆಗೆದಿಟ್ಟಳು, ಅಭ್ಯಾಸ, ಕರೆ ಹೋಗುತ್ತದೆ, ಹೋಗುತ್ತದೆ, ಎತ್ತು ತಾಯೀ, ಎತ್ತು, ಎತ್ತಿದಳು. ಸಣ್ಣ ಅಡುಗೆಮನೆ, ಬಲ್ಬಿನ ಹಳದಿ ಬೆಳಕು, ಮೇಜಿನ ಮೇಲೆ ಮಗುಚಿಟ್ಟ ತಟ್ಟೆ, ಪಕ್ಕದಲ್ಲಿ ಮಾತ್ರೆಯ ಪಟ್ಟಿ, ಒಂದೂ ಒಡೆದಿಲ್ಲ, ಒಂದೂ ಒಡೆದಿಲ್ಲ, ದೇವರೇ, ಅವಳ ಎದೆಯಿಂದ ಸದ್ದೊಂದು ಹೊರಟಿತು, ಆ ತಾಯಿಗೆ ಕೇಳಿಸದ ಸದ್ದು. ಕೂಸು ಶಾಲಿನ ಮರೆಯಲ್ಲಿದೆ, ಪುಟ್ಟ ಕಾಲು ಆಡುತ್ತಿದೆ, ತಾಯಿ ಅವಳನ್ನು ಗುರುತು ಹಿಡಿದು ಬೆರಗಾದಳು, ಡಾಕ್ಟರ ಹತ್ತಿರ ಕಂಡ ಹೆಂಗಸು ಮನೆಗೇ ಕರೆ ಮಾಡಿದ್ದಾಳೆ, ಹೇಗಿದ್ದೀ ಎಂದು ಕೇಳುವುದಕ್ಕೆ, ಬೇರೆ ಯಾರು ಹೀಗೆ ಮಾಡುತ್ತಾರೆ — ಎಲ್ಲವೂ ಆ ಮುಖದಲ್ಲಿ ಬರೆದಿತ್ತು, ಮತ್ತು ಅವಳು ಮೊದಲು ಯಾವ ಸನ್ನೆ, ನಾನು, ನಾನು ಸುಳ್ಳು, ಅಲ್ಲ, ಮೊದಲು ಮಾತ್ರೆ, ಮೊದಲು ಕೂಸು, ಅಷ್ಟರಲ್ಲಿ ತಾಯಿಯ ಉಳಿದ ಒಂದು ಕೈ ಎದ್ದಿತು, ಬೆರಳ ತುದಿ ಗದ್ದಕ್ಕೆ ಮುಟ್ಟಿತು, ಗದ್ದದಿಂದ ಹೊರಟಿತು. ಈ ಸಲ ಚಿತ್ರ ನಿಲ್ಲಲಿಲ್ಲ. ಕೈ ಪೂರ್ತಿ ಬಂತು, ತೆರೆಯ ತನಕ, ಅಂಗೈ ತೆರೆದುಕೊಂಡು. ಹಸಿರು ದೀಪ. ಅವಳ ಎರಡು ಕೈ ತೊಡೆಯ ಮೇಲೆ. ಎತ್ತಬೇಕು. ಅವಳು ಅಲುಗದೆ ಕೂತಿರುವುದನ್ನು ಕಂಡು, ಇವಳ ಕಡೆ ನೆಟ್ ಮತ್ತೆ ನಿಂತಿತೇನೋ, ಕಾಣಲಿಲ್ಲವೇನೋ ಎಂದುಕೊಂಡು, ಆ ತಾಯಿ ಇನ್ನಷ್ಟು ಹತ್ತಿರ ಬಂದು, ನಿಧಾನವಾಗಿ, ಮತ್ತೊಮ್ಮೆ ಕೈಯನ್ನು ಗದ್ದಕ್ಕೆ ಮುಟ್ಟಿಸಿದಳು.