ಬರೆದ ಬೆಲೆಯಲ್ಲಿ ಕಾಲುಭಾಗ

ಮಾವ ಅಂಗಡಿಗೆ ಕಾಲಿಟ್ಟರೆ ಸಾಕು, ರಮೀಲಾ ಸೆರಗನ್ನು ತಲೆಯ ಮೇಲಿಂದ ಗದ್ದದವರೆಗೆ ಎಳೆದುಕೊಂಡು ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಜಾಮನಗರದ ಆ ಓಣಿಯಲ್ಲಿ ಮಾವನೊಡನೆ, ಭಾವನೊಡನೆ ಮಾತಾಡಿದ ಸೊಸೆಯೇ ಇಲ್ಲ. ಹೇಳಲೇಬೇಕಾದರೆ ಅತ್ತೆಯ ಬಾಯಿಂದ ಹೇಳಿಸಬೇಕು. ಅತ್ತೆಯೋ ಮನೆಯಲ್ಲಿ, ಅಂಗಡಿ ಪೇಟೆಯಲ್ಲಿ. ಎಂಥ ಕಟ್ಟಳೆಯೋ ಏನೋ!

ಗಂಡ ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಬಾಂಧಣಿ ಸೀರೆಯ ಅಂಗಡಿ ನಡೆಸುತ್ತಿದ್ದವಳು ಅವಳೇ. ಮಾವ ವ್ರಜಲಾಲರ ಷರತ್ತು ಒಂದೇ: ದೀಪಾವಳಿಯೊಳಗೆ ಒಂದು ವ್ಯಾಪಾರದಲ್ಲಾದರೂ ನಷ್ಟವಾದರೆ ಅಂಗಡಿ ಭಾವ ಮನಹರನಿಗೆ. ಹಾಗಾದರೆ ಗಂಡನ ಔಷಧಿಗೂ ಓರಗಿತ್ತಿಯ ಮುಂದೆ ಕೈಯೊಡ್ಡಬೇಕು. ಅದಕ್ಕಿಂತ ಸಾಯುವುದು ಮೇಲು ಎಂದುಕೊಂಡೇ ಅವಳು ದುಡಿದಿದ್ದಳು. ಎಂಬತ್ತಕ್ಕೆ ತಂದ ಸೀರೆಗೆ ಕಾಲುಭಾಗ ಸೇರಿಸಿ ನೂರು ಎಂದು ಬರೆಯುತ್ತಿದ್ದಳು.

ಅಂದು ಮದುವೆ ಮನೆಯವರು ಅಂಥ ನೂರರ ಇಪ್ಪತ್ತು ಸೀರೆ ಆರಿಸಿದ್ದರು. ಅಷ್ಟರಲ್ಲಿ ವ್ರಜಲಾಲ್ ಬಂದರು. ಹಳೆಯ ಪರಿಚಯದವರು ಎಂದು ಗೊತ್ತಾದದ್ದೇ ಮುದುಕರಿಗೆ ದೊಡ್ಡಸ್ತಿಕೆ ಉಕ್ಕಿತು.

"ನಿಮ್ಮ ಹುಡುಗಿ ಮದುವೇಲಿ ಲಾಭ ತಿಂತೀನಾ? ಬರೆದ ಬೆಲೇಲಿ ಕಾಲುಭಾಗ ಬಿಟ್ಟೆ, ಹೋಗಿ."

ರಮೀಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸೇರಿಸಿದ್ದು ಎಂಬತ್ತರ ಕಾಲು, ಬಿಡುತ್ತಿರುವುದು ನೂರರ ಕಾಲು. ಒಂದೊಂದು ಸೀರೆಗೂ ಅಸಲಿನಲ್ಲೇ ಐದು ರೂಪಾಯಿ ಹೋಯಿತು! ಬಾಯಿ ಬಿಡುವಂತಿಲ್ಲ, ಬಳೆ ಅಲ್ಲಾಡಿಸಿದಳು. ಸೊಸೆಗೆ ಜಿಪುಣತನ ಎಂದುಕೊಂಡು ಮುದುಕರು ನಕ್ಕರು.

"ಬಳೆ ಸುಮ್ನಿರಲಮ್ಮ. ಆಡಿದ ಮಾತು ಆಡಿದ್ದೇ."

ಗಿರಾಕಿಗಳು ಹೋದ ಮೇಲೆ ಗಲ್ಲಾಪೆಟ್ಟಿಗೆ ಎಣಿಸಿದರೆ ಹದಿನೈದು ನೂರು. ಅಸಲು ಹದಿನಾರು ನೂರು. ಸೇರಿಸಿದ್ದನ್ನೇ ಬಿಟ್ಟ ಮೇಲೆ ಅಸಲಾದರೂ ಉಳಿಯಬೇಡವೇ, ನೂರು ರೂಪಾಯಿ ಎಲ್ಲಿ ಎಂದು ವ್ರಜಲಾಲ್ ಗೋಡೆಯನ್ನು ಕೇಳಿದರು. ಸೊಸೆಯನ್ನು ಕೇಳಿದರೂ ಅವಳು ಉತ್ತರ ಕೊಡುವಂತಿಲ್ಲವಲ್ಲ.

ರಮೀಲಾ ಕೆಂಪು ಬಟ್ಟೆಯ ಥಾನು ಬಿಚ್ಚಿದಳು. ನಾಲ್ಕು ಗಜ ಅಳೆದು, ಅಸಲಿನ ಗುರುತಾಗಿ ಸೀಮೆಸುಣ್ಣದ ಗೆರೆ ಎಳೆದಳು. ಇನ್ನೊಂದು ಗಜ ಸೇರಿಸಿ ಐದಕ್ಕೆ ಕತ್ತರಿಸಿದಳು. ಆ ಐದನ್ನು ನಾಲ್ಕು ಸಮಪಾಲು ಮಡಿಸಿ, ಒಂದು ಪಾಲನ್ನು ಹಿಂದಕ್ಕೆ ಮಗುಚಿ, ಉಳಿದದ್ದನ್ನು ಹರಡಿದಳು. ಗೆರೆ ಕಾಣಲಿಲ್ಲ. ಅದು ಮಗುಚಿದ ಪಾಲಿನೊಳಗೆ ಒಂದು ಗೇಣು ಆಚೆಗೇ ಉಳಿದಿತ್ತು.

ಮುದುಕರು ಬಗ್ಗಿ ನೋಡಿದರು. ತಾವೇ ಒಮ್ಮೆ ಮಡಿಸಿ ನೋಡಿದರು. ಕಿವಿ ಕೆಂಪಾಯಿತು. ಅರ್ಥವಾಯಿತು, ದೇವರು ದೊಡ್ಡವನು ಎಂದು ರಮೀಲಾ ಸೆರಗಿನೊಳಗೇ ಉಸಿರು ಬಿಟ್ಟಳು.

ಆಗಲೇ ಮನಹರ ಮೆಟ್ಟಿಲು ಹತ್ತಿ ಬಂದು, ವ್ಯಾಪಾರ ಹೇಗಾಯಿತು ಎಂದು ಕೇಳಿದ.

ವ್ರಜಲಾಲ್ ಅವಸರವಾಗಿ ಬಟ್ಟೆಯನ್ನು ಸುತ್ತಿ ಪಕ್ಕಕ್ಕೆ ತಳ್ಳಿದರು. "ನೂರು ರೂಪಾಯಿ ನಷ್ಟ ಕಣೋ. ಬೆಲೆ ಬರೆಯೋದ್ರಲ್ಲಿ ತಪ್ಪಿದಾಳೆ. ನಾಳೆಯಿಂದ ನೀನೇ ಕೂತ್ಕೋ."

ರಮೀಲಾ ಬಳೆ ಒಡೆಯುವ ಹಾಗೆ ಕೈ ಕೊಡವಿದಳು. ಇಬ್ಬರೂ ತಿರುಗಲಿಲ್ಲ. ಅವಳಿಗೆ ಕಂಡದ್ದು ಸೆರಗಿನ ಅಂಚಿನ ಕೆಳಗಿನ ನಾಲ್ಕು ಪಾದಗಳು ಮಾತ್ರ. ಸೊಂಟದಿಂದ ಬೀಗದ ಕೈ ಬಿಚ್ಚಿದಳು. ಅದನ್ನೂ ಅವರ ಕೈಗೆ ಕೊಡುವಂತಿರಲಿಲ್ಲ. ನೆಲದ ಮೇಲೆ ಇಟ್ಟಳು.