ತಿಂದದ್ದಲ್ಲ, ರುಚಿ ನೋಡಿದ್ದು

ಸುಳ್ಳು ಬೊಗಳಬೇಡಿ, ಅನ್ನ ಒಂದು ಮುಷ್ಟಿ, ಅರ್ಧ ತಟ್ಟೆ ಬರೀ ತರಕಾರಿ, ಇಷ್ಟೇ ತಾನೇ ನಾನು ಹಾಕೋದು, ಹಾಗಿದ್ರೆ ಇವತ್ತು ಮನೆ ಮೀಟರಲ್ಲಿ ಶುಗರ್ ಏನು ಗಾಳಿ ಕುಡಿದು ಏರಿತಾ — ಎಂದು ಗಂಡನ ಮೇಲೆ ಕೂಗುತ್ತಲೇ ಅವಳ ಕಣ್ಣು ಅವನ ಕೈಗೆ ಹೋಯಿತು, ಬೇಕರಿ ಮಾಸ್ಟರ್, ಕೆಲಸದಿಂದ ಹಾಗೇ ಬಂದಿದ್ದಾನೆ, ಬೆರಳಿಗೆಲ್ಲ ಹಿಟ್ಟು ಮೆತ್ತಿದೆ, ತೋರುಬೆರಳು ಮಾತ್ರ ತೊಳೆದಿಟ್ಟ ಹಾಗೆ, ಅಲ್ಲ, ನೆಕ್ಕಿದ ಹಾಗೆ, ಸಿಕ್ಕಿಬಿದ್ದ ಕಳ್ಳ. ತಿಂದಿಲ್ಲ ಕಣೇ, ನಿನ್ನಾಣೆ. ಮತ್ತೆ ಆ ಬೆರಳು? ಅದು ಕ್ರೀಮಿನ ರುಚಿ ನೋಡಿದ್ದು ಮಾರಾಯ್ತಿ, ರುಚಿ ನೋಡೋದು ತಿನ್ನೋದಾಗುತ್ತಾ? ಮುಖದಲ್ಲಿ ಎಳ್ಳಷ್ಟೂ ಅಳುಕಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದಾನೆಯೇ, ಕೇಕಿಗೊಂದು ಬೆರಳು, ಬೋಗುಣಿಗೊಂದು ಬೆರಳು, ಬೆಳಗಿಂದ ಸಂಜೆಯವರೆಗೆ ನೆಕ್ಕಿ, ಮನೆಗೆ ಬಂದು ಬೀನ್ಸ್ ಪಲ್ಯದ ಮುಂದೆ ಸನ್ಯಾಸಿ! ಅವಳೂ ಅದೇ ಸಪ್ಪೆ ಊಟ ಉಂಡು ಬಾಯಿ ಕಟ್ಟಿದ್ದಳು, ಹಿಂದಿನ ಸಲ ರಕ್ತ ಪರೀಕ್ಷೆಯಲ್ಲಿ ಶುಗರ್ ಇಳಿದಿತ್ತಲ್ಲ, ಊಟ ಹೀಗೇ ಇರಲಿ ಕಣಮ್ಮಾ, ಮಾತ್ರೆ ಕಡಿಮೆ ಮಾಡೋಣ ಎಂದು ಡಾಕ್ಟರೇ ನಕ್ಕಿದ್ದರು. ಹಾಗಾದರೆ ಆವಾಗ ನೆಕ್ಕಿರಲಿಲ್ಲವೇ, ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಬೆರಳಿಗೆ ಬೀಗವೇ? ನೀನು ಹೆಂಡ್ತಿಯೋ ಪೊಲೀಸೋ, ತಿನ್ನು ನಿನ್ನ ಸೊಪ್ಪು ನೀನೇ — ತಟ್ಟೆ ದೂಡಿದ, ಬಾಗಿಲು ಬಡಿಯಿತು, ದಡದಡ ಇಳಿದ. ಹೋಗಲಿ, ಎಲ್ಲಿಗೆ ಹೋಗ್ತಾನೆ, ಆ ಬೋಗುಣಿಗೇ ತಾನೇ, ನೋಡೇಬಿಡೋಣ ಎಂದು ಅವಳು ಹೊರಗೆ ಬಂದಳು, ಮೆಟ್ಟಿಲ ಮೇಲೆ ಅವನ ಎಡಗಾಲಿನ ಚಪ್ಪಲಿ. ಒಂದೇ. ನಾಟಕ, ಹೆಂಡತಿ ಹಿಂದೆ ಓಡಿ ಬರಲಿ ಅಂತ ಬಿಟ್ಟುಹೋದದ್ದು, ಬಗ್ಗುವುದಿಲ್ಲ ನಾನು. ಅಗೋ ಹೋಗುತ್ತಿದ್ದಾನೆ, ರಸ್ತೆ ಅಗೆದು ಜಲ್ಲಿ ಸುರಿದಿದ್ದಾರೆ, ಚೂಪು ಜಲ್ಲಿ, ಅದರ ಮೇಲೇ ಧಿಮಾಕಿನಿಂದ — ಕುಂಟುತ್ತಿಲ್ಲ. ಯಾಕೆ ಕುಂಟುತ್ತಿಲ್ಲ? ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು, ಎರಡನ್ನೂ ಒಂದೇ ಸಮ ಊರುತ್ತಿದ್ದಾನೆ, ಬಗ್ಗಿ ನೋಡುತ್ತಿಲ್ಲ. ಕಾಲು ಮರಗಟ್ಟುತ್ತಾ ಮಾಸ್ಟರ್ ಎಂದು ಡಾಕ್ಟರ್ ಕೇಳಿದ್ದರು, ಇಲ್ಲ ಸಾರ್, ಕುದುರೆ ಹಾಗಿದೀನಿ ಅಂದಿದ್ದ, ಎಲ್ಲ ಮಾತನ್ನೂ ಜಾಲಾಡುವ ಅವಳು ಅದೊಂದನ್ನು ನಂಬಿಬಿಟ್ಟಿದ್ದಳು. ರೀ, ನಿಲ್ರೀ, ಕಾಲು ನೋಡ್ಕೊಳ್ರೀ! ಜಗಳ ಮುಂದುವರಿಸುತ್ತಿದ್ದಾಳೆ ಅಂದುಕೊಂಡನೋ ಏನೋ, ತಿರುಗದೆಯೇ ಕೈ ಬೀಸಿದ, ತಿರುವಿನಲ್ಲಿ ಮರೆಯಾದ. ಓಡಿದಳು, ಬೇಕರಿಗೆ ಬಂದೇ ಇಲ್ಲವಂತೆ. ಮತ್ತೆ ಮೆಟ್ಟಿಲು, ಮತ್ತೆ ಕತ್ತಲು, ಬರುತ್ತಾನೆ, ಬರಲಿ, ಬೈಯುವುದಿಲ್ಲ, ಕಾಲು ತೋರಿಸಿದರೆ ಸಾಕು, ಮಡಿಲಲ್ಲಿ ಚಪ್ಪಲಿ, ಹಿಮ್ಮಡಿ ಸವೆದ ಎಡಗಾಲಿನ ಚಪ್ಪಲಿ, ಕಳಚಿದ್ದು ಗೊತ್ತೇ ಆಗದ ಚಪ್ಪಲಿ, ಚಪ್ಪಲಿ —