ಇಬ್ಬರು ಸೊಸೆಯರ ಜಿಂಕೆ

ನನ್ನ ಇಬ್ಬರು ಗಂಡುಮಕ್ಕಳು ಊರಾಚೆಯ ಹೊಸ ಬಡಾವಣೆಯಲ್ಲಿ ಎದುರುಬದುರು ಮನೆ ಕಟ್ಟಿಸಿದಾಗ, ಸೊಸೆಯರು ಇನ್ನು ಹಾಲು ಸಕ್ಕರೆಯ ಹಾಗೆ ಇರುತ್ತಾರೆ ಎಂದು ನೆಂಟರೆಲ್ಲ ಹೇಳಿದರು. ನಡುವೆ ಇದ್ದದ್ದು ಒಂದೇ ರಸ್ತೆ, ಆದರೆ ದೊಡ್ಡವನ ಮನೆ ಕಾಡಿನ ಸಾಲಿನಲ್ಲಿತ್ತು, ಚಿಕ್ಕವನದು ಈಚೆ ಸಾಲಿನಲ್ಲಿ. ದೊಡ್ಡ ಸೊಸೆಯ ಅಡುಗೆಮನೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಚಿಕ್ಕ ಸೊಸೆಯ ಹೊಲಿಗೆ ಕೋಣೆಯ ಕಿಟಕಿಯಿಂದ ದೊಡ್ಡ ಸೊಸೆಯ ಮನೆ ಕಾಣುತ್ತಿತ್ತು. ಜಗಳಕ್ಕೆ ಅಷ್ಟು ಸಾಕಾಯಿತು.

ನಾನಿದ್ದದ್ದು ಚಿಕ್ಕವಳ ಮನೆಯಲ್ಲಿ. ಅವಳು ಅಂಗಿಗಳಿಗೆ ಕಾಲರ್ ಕೂರಿಸುತ್ತ ಒಂದು ಕಣ್ಣನ್ನು ಎದುರು ಮನೆಯ ಮೇಲೇ ಇಟ್ಟಿರುತ್ತಿದ್ದಳು.

"ನೋಡಿ ಅತ್ತೆ, ಮತ್ತೆ ಯಾರನ್ನೋ ಹಿತ್ತಲಿಗೆ ಕರ್ಕೊಂಡು ಹೋಗ್ತಿದ್ದಾಳೆ. ಕಾಡನ್ನ ತವರಿಂದ ತಂದವಳ ಹಾಗೆ ಆಡ್ತಾಳೆ."

ಬಡಾವಣೆಯ ಎರಡನೇ ಹಂತಕ್ಕೆಂದು ಬುಲ್ಡೋಜರ್ ಎಡಗಡೆಯ ಕಾಡನ್ನು ಬೋಳಿಸಿದ ಮೇಲೆ ಜಿಂಕೆ ಬರತೊಡಗಿತು. ಹೆಣ್ಣು ಜಿಂಕೆ, ಹಿಂದೆ ಒಂದು ಪುಟ್ಟ ಮರಿ. ಇದ್ದ ಜಾಗ ಕಳೆದುಕೊಂಡು ಹೊಟ್ಟೆಪಾಡಿಗೆ ಬಂದ ಪ್ರಾಣಿ ಅದು. ದೊಡ್ಡ ಸೊಸೆ ಮಾತ್ರ ತನ್ನನ್ನೇ ಮಾತಾಡಿಸಲು ಬಂದಿದೆ ಎಂಬಂತೆ ಬೀಗಿದಳು. ಅವಳು ಶಾಲೆಯಲ್ಲಿ ವಿಜ್ಞಾನದ ಟೀಚರ್. ಸ್ಟಾಫ್ ರೂಮಿಗೆ ರೂಮೇ ಅವಳ ಹಿತ್ತಲಿಗೆ ಬಂದು ಕಾಫಿ ಕುಡಿದು ಹೋಯಿತು. ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಬಿತ್ತು. ಚಿಕ್ಕವಳು ಅದನ್ನು ನೋಡಿ ಮೊಬೈಲು ಮಗುಚಿಟ್ಟಳು. ಅಂದು ಅವಳು ಹೊಲಿದ ಅಂಗಿಗೆ ಎರಡೂ ತೋಳು ಎಡಗೈದೇ ಆಗಿದ್ದವು.

ಮರುದಿನವೇ ಅವಳ ಕಾರ್ ಶೆಡ್ಡಿನಲ್ಲಿ ಒಂದು ಟಬ್ ಬಂದು ಕೂತಿತು. ಅದರಲ್ಲಿ ಸೇಬು, ಕ್ಯಾರೆಟ್, ಮೇಲೊಂದಿಷ್ಟು ಕಲ್ಲುಪ್ಪು. ತಾಯಿ ಜಿಂಕೆ ದೊಡ್ಡವಳ ಮನೆ ಪಕ್ಕದ ಸಂದಿಯಿಂದ ಹಾದು, ರಸ್ತೆ ದಾಟಿ ಬರುವುದನ್ನು ಕಲಿತುಬಿಟ್ಟಿತು. ಮರಿಗೆ ರಸ್ತೆ ಎಂದರೆ ಭಯ, ಅದು ಮರಗಳ ಹತ್ತಿರವೇ ಉಳಿಯುತ್ತಿತ್ತು. ಹಲ್ಲಿಲ್ಲದ ನನ್ನ ಕೈಗೆ ಇಡೀ ಸೇಬು ಕೊಟ್ಟು ಹೋಗುವ ಸೊಸೆ, ಜಿಂಕೆಗೆ ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿಡುತ್ತಿದ್ದಳು. ಯಾಕೆ ಮುಚ್ಚಿಡಲಿ, ಆ ಜಿಂಕೆಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡವಳು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು. "ನಮ್ಮ ಹಿತ್ತಲಿಗೆ ಬರೋ ಜಿಂಕೆಗೆ ಆಸೆ ತೋರಿಸ್ತೀಯಲ್ಲ, ನಾಚ್ಕೆ ಆಗಲ್ವಾ?"

"ಅದರ ಮೇಲೆ ನಿಮ್ಮ ಹೆಸರು ಬರ್ದಿತ್ತಾ ಅಕ್ಕ?"

"ಕಾಡುಪ್ರಾಣಿಗೆ ತಿನ್ನೋಕೆ ಹಾಕ್ಬಾರ್ದು ಅಂತ ಮಕ್ಕಳಿಗೆ ಪಾಠ ಮಾಡ್ತೀನಿ ನಾನು."

ಹಾಗೆಂದು ಮನೆಗೆ ಹೋದವಳು ಇನ್ನೂ ದೊಡ್ಡ ಟಬ್ ತಂದಿಟ್ಟಳು. ಆದರೂ ಜಿಂಕೆ ಇತ್ತಲೇ ಬಂತು. ಈಗ ಹೊಟ್ಟೆ ಉರಿದುಕೊಳ್ಳುವ ಸರದಿ ದೊಡ್ಡವಳದು.

ಅಷ್ಟರಲ್ಲಿ ಹೂಗಿಡ ಹಾಳಾಯಿತೆಂದು ಉಳಿದ ಮನೆಯವರು ಗಲಾಟೆ ಮಾಡಿದ್ದರಿಂದ, ಬಡಾವಣೆಯವರು ಕಾಡಿನ ಉದ್ದಕ್ಕೂ ತಂತಿ ಜಾಲರಿ ಹಾಕಿಸಿದರು. ಕಳೆ ಕೀಳುವವರು ಓಡಾಡಲೆಂದು ದೊಡ್ಡವಳ ಹಿತ್ತಲಿನಲ್ಲಿ ಮಾತ್ರ ಒಂದು ಪುಟ್ಟ ಗೇಟು ಬಿಟ್ಟು, ಕೀಲಿ ಅವಳಿಗೇ ಕೊಟ್ಟರು. ಜಾಲರಿಯ ಕೊನೆಯ ತುಂಡು ಬಿಗಿಯುವ ಹೊತ್ತಿಗೆ ತಾಯಿ ಜಿಂಕೆ ನಮ್ಮ ಟಬ್ಬಿನಲ್ಲಿ ಮೂತಿ ತೂರಿಸಿ ನಿಂತಿತ್ತು. ಚಿಕ್ಕವಳು ಅದನ್ನು ನೋಡಿದಳು. ಕೆಲಸದವರಿಗೆ ಒಂದು ಮಾತು ಹೇಳಲಿಲ್ಲ, ಸದ್ದಿಲ್ಲದೆ ಶೆಡ್ಡಿನ ಬಾಗಿಲು ಎಳೆದಳು.

"ಇನ್ನೆಲ್ಲಿಗೆ ಹೋಗುತ್ತೆ ಅತ್ತೆ," ಎಂದಳು. ಮುಖ ಅರಳಿತ್ತು.

ಮರಿ ಜಾಲರಿಯಾಚೆ ನಿಂತು ಕೂಗಿತು. ದೊಡ್ಡವಳು ಗೇಟು ತೆಗೆದಳು. ಅಯ್ಯೋ ಪಾಪ ಎಂದು ತೆಗೆದಳೆಂದೇ ನಾನು ನಂಬಿದೆ. ಮರಿ ಒಳಗೆ ಬಂದ ಕೂಡಲೇ ಅವಳು ಬೀಗ ಜಡಿದು, ಪಕ್ಕದ ಸಂದಿಯ ಗೇಟಿಗೂ ಚಿಲಕ ಹಾಕಿ, "ಇದು ನಮ್ಮನೇದು," ಎಂದಳು.

ಹೀಗೆ ಒಬ್ಬಳಿಗೆ ತಾಯಿ, ಒಬ್ಬಳಿಗೆ ಮರಿ. ಸೀಸೆಯ ಹಾಲನ್ನು ಮರಿ ಮೂಸಿಯೂ ನೋಡಲಿಲ್ಲ, ದಿನೇ ದಿನೇ ಸೊರಗಿತು. ತಾಯಿ ಮಗುವನ್ನು ಅಗಲಿಸಬೇಡಿರೇ ಎಂದು ನಾನು ಎರಡೂ ಮನೆಗೆ ಅಲೆದೆ.

"ಅಕ್ಕ ಮರೀನ ಬಿಡ್ಲಿ, ನಾನೂ ಬಿಡ್ತೀನಿ," ಎಂದಳು ಚಿಕ್ಕವಳು.

"ಮೊದ್ಲು ಅವಳು ತಾಯೀನ ಬಿಡ್ಲಿ," ಎಂದಳು ದೊಡ್ಡವಳು.

ಗಂಡುಮಕ್ಕಳು ಟಿವಿಯ ಸದ್ದು ಜೋರು ಮಾಡಿಕೊಂಡರು.

ಮರಿ ಎದ್ದು ನಿಲ್ಲಲು ತಡವರಿಸಿದ್ದನ್ನು ಕಂಡ ದಿನ ನಾನು ಕಾದೆ. ದೊಡ್ಡವಳು ಶಾಲೆಗೆ ಹೋಗಿದ್ದಳು, ಚಿಕ್ಕವಳು ಗುಂಡಿ, ದಾರ ತರಲು ಪೇಟೆಗೆ ಹೋದಳು. ದೊಡ್ಡವಳ ಮನೆಯ ಇನ್ನೊಂದು ಕೀಲಿ ನನ್ನ ಹತ್ತಿರ ಇತ್ತು. ಒಳಗೆ ಹೋಗಿ, ಫ್ರಿಜ್ಜಿನ ಪಕ್ಕದ ಮೊಳೆಯಿಂದ ಗೇಟಿನ ಕೀಲಿ ತೆಗೆದುಕೊಂಡೆ. ಜಾಲರಿಯ ಗೇಟು ತೆಗೆದೆ, ಸಂದಿಯ ಗೇಟು ತೆಗೆದೆ, ರಸ್ತೆ ದಾಟಿ ಬಂದು ನಮ್ಮ ಶೆಡ್ಡಿನ ಬಾಗಿಲನ್ನೂ ತೆಗೆದೆ. ಜಿಂಕೆ ಜಪ್ಪಯ್ಯ ಅನ್ನಲಿಲ್ಲ, ಟಬ್ ಬಿಟ್ಟು ಕದಲಲಿಲ್ಲ. ಟಬ್ಬನ್ನು ದರದರ ಎಳೆದು ಚರಂಡಿಗೆ ಸುರಿದೆ. ಆಗ ಎದುರು ಹಿತ್ತಲಿನಿಂದ ಮರಿ ಕೂಗಿತು, ಸಣ್ಣಗೆ, ಒಂದೇ ಸಲ. ಜಿಂಕೆಯ ಕಿವಿ ನಿಮಿರಿತು. ಆ ಕಡೆ ಈ ಕಡೆ ನೋಡದೆ ರಸ್ತೆ ದಾಟಿ ಓಡಿತು.

ನಾನು ಏದುಸಿರು ಬಿಡುತ್ತ ಹಿತ್ತಲು ತಲುಪುವಷ್ಟರಲ್ಲಿ ಮರಿ ತಾಯಿಯ ಹೊಟ್ಟೆಯಡಿ ತಲೆ ತೂರಿಸಿ ಹಾಲು ಕುಡಿಯುತ್ತಿತ್ತು. ಕುಡಿದು ಮುಗಿಯುವವರೆಗೆ ಗೋಡೆಗೆ ಒರಗಿ ನಿಂತಿದ್ದೆ. ಆಮೇಲೆ ಟವೆಲ್ ಬೀಸಿ ಎರಡನ್ನೂ ಆಚೆ ಅಟ್ಟಿ, ಬೀಗ ಹಾಕಿ, ಕೀಲಿಯನ್ನು ಜಾಲರಿಯ ಮೇಲಿಂದ ಕಾಡಿಗೆ ಎಸೆದೆ. ಆ ಕಾಡಾದರೂ ಎಷ್ಟು ದಿನವೋ, ಮೂರನೇ ಹಂತದ ಸುಣ್ಣದ ಗೆರೆ ಮರಗಳ ನಡುವೆ ಆಗಲೇ ಬಿದ್ದಿತ್ತು.

ಸಂಜೆ ಇಬ್ಬರೂ ನನ್ನ ಮಂಚದ ಮುಂದೆ ಜೊತೆಯಾಗಿ ಬಂದು ನಿಂತರು.

"ನಿಮಗೆ ಹೊಟ್ಟೆಕಿಚ್ಚು ಅತ್ತೆ," ಎಂದಳು ಚಿಕ್ಕವಳು. ದೊಡ್ಡವಳು ಹೌದೆಂದು ತಲೆಯಾಡಿಸಿದಳು. ಮನೆ ಕಟ್ಟಿದ ಮೇಲೆ ಅವರಿಬ್ಬರಿಗೂ ಒಪ್ಪಿಗೆಯಾದ ಮೊದಲ ಮಾತು ಅದು.

"ಹೌದು ಕಣ್ರೇ, ಹೊಟ್ಟೆಕಿಚ್ಚೇ," ಎಂದೆ. "ನಾನು ಬೆಳಿಗ್ಗೆಯಿಂದ ಕೂಗಿದ್ರೂ ಈ ಎರಡು ಮನೇಲಿ ಒಬ್ರೂ ಏನು ಅಂತ ಕೇಳಲ್ಲ. ಆ ಮರಿ ಕೂಗಿದ್ದು ಒಂದೇ ಸಲ."